ಕದ ಕೂರಿಸುವ ದಿನ

ಆಷಾಢದ ಒಂದು ಬೆಳಿಗ್ಗೆ. ಮೈಸೂರಿನ ಬೋಗಾದಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಹೊಸ ಬಡಾವಣೆಯಲ್ಲಿ ನೀವು ನಿಂತಿದ್ದೀರಿ. ರಾತ್ರಿಯೆಲ್ಲ ಹಿಡಿದಿದ್ದ ಜಡಿಮಳೆ ಈಗಷ್ಟೇ ಬಿಟ್ಟಿದೆ. ಎದುರಿಗೆ ಎರಡು ಅಂತಸ್ತಿನ ಮನೆ. ಗಾರೆ ಮುಗಿದಿದೆ, ನೆಲಕ್ಕೆ ಗ್ರಾನೈಟ್ ಹಾಸಿದೆ, ಗೋಡೆಗೆ ಪುಟ್ಟಿ ಒಂದು ಸುತ್ತು ಎಳೆದಿದೆ. ದಾರಿಹೋಕರ ಕಣ್ಣಿಗೆ ಮನೆ ಮುಗಿದ ಹಾಗೆಯೇ. ಆದರೆ ವಾಸಕಲ್ಲುಗಳೆಲ್ಲ ಬರಿದಾಗಿ ನಿಂತಿವೆ, ಒಂದಕ್ಕೂ ಕದವಿಲ್ಲ. ಗೃಹಪ್ರವೇಶ ಶ್ರಾವಣದ ಮೊದಲ ವಾರಕ್ಕೆ ಇಟ್ಟಾಗಿದೆ. ಕರೆಯೋಲೆ ಅಚ್ಚಿಗೆ ಹೋಗಿದೆ.

ಬನ್ನಿ, ಒಳಗೆ ಬನ್ನಿ. ಚಪ್ಪಲಿ ಬಿಡಬೇಡಿ, ನೆಲದ ಮೇಲೆ ಮೊಳೆ ಬಿದ್ದಿರುತ್ತವೆ.

ಹಾಲಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಬರುವುದು ಹೊಸದಾಗಿ ಕೊಯ್ದ ತೇಗದ ವಾಸನೆ, ಎಣ್ಣೆ ಬೆರೆತ, ತುಸು ಕಟುವಾದ ವಾಸನೆ. ಅದರ ಹಿಂದೆಯೇ ಗೋಡೆಗಳಿಂದ ಬರುವ ಹಸಿ ಸಿಮೆಂಟಿನ ತಣ್ಣನೆಯ ವಾಸನೆ. ಈ ಎರಡೂ ಒಂದೇ ಕೋಣೆಯಲ್ಲಿ ಬೆರೆತಿವೆ ಎಂದರೆ ಬಡಗಿಯ ಮುಂದೆ ಕಷ್ಟದ ದಿನಗಳಿವೆ ಎಂದೇ ಅರ್ಥ. ಕಿಟಕಿಯ ಪಕ್ಕ ಕದಗಳನ್ನು ಒಂದರ ಮೇಲೊಂದು ಮಲಗಿಸಿದ್ದಾರೆ. ನಡುನಡುವೆ ಒಂದೇ ದಪ್ಪದ ರೀಪರ್ ಪಟ್ಟಿಗಳು, ಎರಡೂ ಮುಖಕ್ಕೆ ಸಮನಾಗಿ ಗಾಳಿಯಾಡಲೆಂದು. ಗೋಡೆಗೆ ಒರಗಿಸಿಟ್ಟಿದ್ದರೆ ಕೆಲಸ ಸುಲಭವಾಗುತ್ತಿತ್ತು, ಆದರೆ ಕೆಲವೇ ದಿನಗಳಲ್ಲಿ ಕದದ ಮೈ ಬಾಗುತ್ತಿತ್ತು.

ಅರವತ್ತು ದಾಟಿದ ಆಚಾರ್ರು ಆಗಲೇ ಬಂದಿದ್ದಾರೆ. ಜೊತೆಗಿಬ್ಬರು ಹುಡುಗರು. ಮೂಲೆಯಲ್ಲಿ ಕೈಗರಗಸ, ಹತ್ತರಿ, ಉಳಿಗಳ ಚೀಲದ ಪಕ್ಕದಲ್ಲೇ ಕರೆಂಟಿನ ಗರಗಸ, ರೂಟರ್, ಗೋಡೆಗೆ ಹಸಿರು ಗೆರೆ ಬಿಡುವ ಲೇಸರ್ ಎಲ್ಲವೂ ಇವೆ. ಅವುಗಳಲ್ಲಿ ಯಾವುದನ್ನೂ ಮುಟ್ಟದೆ ಆಚಾರ್ರು ಮೊದಲು ಕೈಗೆತ್ತಿಕೊಳ್ಳುವುದು ಒಂದು ದಾರದ ಉಂಡೆ ಮತ್ತು ಗುಂಡು.

ಮಲಗುವ ಕೋಣೆಯ ವಾಸಕಲ್ಲಿನ ಮುಂದೆ ಅವರ ಪಕ್ಕದಲ್ಲಿ ನಿಂತುಕೊಳ್ಳಿ. ಮೇಲಿನ ಮೂಲೆಯಿಂದ ಗುಂಡು ಇಳಿಬಿಟ್ಟಿದ್ದಾರೆ. ದಾರಕ್ಕೂ ಮರಕ್ಕೂ ನಡುವಿನ ಅಂತರ ಮೇಲೆಷ್ಟೋ ಕೆಳಗೂ ಅಷ್ಟೇ ಇರಬೇಕು. ಹುಡುಗ ಕುಕ್ಕರುಗಾಲಲ್ಲಿ ಕೂತು ಗುಂಡಿನ ತೂಗಾಟ ನಿಲ್ಲುವವರೆಗೆ ಕಾಯುತ್ತಾನೆ, ಆಮೇಲೆ ಅಳತೆ ಕೂಗುತ್ತಾನೆ.

“ಮೇಲೆ ಒಂದಿಂಚು. ಕೆಳಗೆ ಒಂದಿಂಚು ಎರಡು ನೂಲು.”

ಇಂಚಿನಲ್ಲಿ ಎಂಟನೇ ಒಂದು ಪಾಲು ನೂಲು, ಸುಮಾರು 3 ಮಿಲಿಮೀಟರ್. ಏಳಡಿ ಎತ್ತರದ ವಾಸಕಲ್ಲು 6 ಮಿಲಿಮೀಟರ್ ವಾಲಿಕೊಂಡಿದೆ. ನೀವು ಎಷ್ಟು ದಿಟ್ಟಿಸಿದರೂ ಅದು ಕಾಣುವುದಿಲ್ಲ. ಕದ ಕೂರಿಸಿದ ಮೇಲೆ ಮಾತ್ರ ಗೊತ್ತಾಗುತ್ತದೆ: ಅರ್ಧ ತೆರೆದು ಕೈಬಿಟ್ಟರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ, ಇಲ್ಲವೇ ಬಂದು ಮುಚ್ಚಿಕೊಳ್ಳುತ್ತದೆ.

ಈಗ ಆಚಾರ್ರು ವಾಸಕಲ್ಲಿನ ನಾಲ್ಕು ಮೂಲೆಗೂ ಸಣ್ಣ ಮೊಳೆ ಹೊಡೆದು, ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಕಟ್ಟುತ್ತಾರೆ. ಎರಡೂ ನಡುಮಧ್ಯದಲ್ಲಿ ಒಂದನ್ನೊಂದು ಸವರಿದಂತೆ ಹಾದುಹೋದರೆ ಚೌಕಟ್ಟು ಒಂದೇ ಸಮದಲ್ಲಿದೆ. ಅವುಗಳ ನಡುವೆ ಸಂದು ಕಂಡರೆ, ಅಥವಾ ಒಂದು ಇನ್ನೊಂದನ್ನು ತಳ್ಳಿದರೆ, ಚೌಕಟ್ಟು ತಿರುಚಿಕೊಂಡಿದೆ. ಬಗ್ಗಿ ನೋಡಿ, ಇಲ್ಲಿ ಬೆರಳಿನ ಉಗುರು ತೂರುವಷ್ಟು ಸಂದಿದೆ. ತಿರುಚಿದ ಚೌಕಟ್ಟಿಗೆ ನೇರವಾದ ಕದ ಹಾಕಿದರೆ ಮೇಲಿನ ಮೂಲೆ ಕೂತಾಗ ಕೆಳಗಿನ ಮೂಲೆ ಹೊರಗೆ ಚಾಚುತ್ತದೆ.

ಈ ತಪ್ಪು ತಿಂಗಳುಗಳ ಹಿಂದಿನದು. ವಾಸಕಲ್ಲು ನಿಲ್ಲಿಸಿದ ದಿನ ಪೂಜೆಯಿತ್ತು, ಅಡಿಗೆ ನವಧಾನ್ಯ ಹಾಕಿದ್ದರು, ರಾಹುಕಾಲ ಬರುವ ಮುಂಚೆ ಎದ್ದು ನಿಲ್ಲಬೇಕೆಂಬ ಅವಸರವಿತ್ತು. ಆನಿಕೆಯ ಕೋಲುಗಳನ್ನು ಬಿಗಿಯಾಗಿ ಕೊಟ್ಟಿರಲಿಲ್ಲ. ಚೌಕಟ್ಟನ್ನು ಗೋಡೆಗೆ ಹಿಡಿಸುವ ಹೋಲ್ಡ್‌ಫಾಸ್ಟ್ ಸುತ್ತ ಕಾಂಕ್ರೀಟ್ ತುಂಬುವಾಗ ಮರ ಕೊಂಚ ಒಳಕ್ಕೆ ಜರುಗಿತು, ಸಿಮೆಂಟ್ ಗಟ್ಟಿಯಾಯಿತು, ಎಲ್ಲರೂ ಮರೆತರು. ಮನೆ ಕಟ್ಟುವ ಸಾಲಿನಲ್ಲಿ ಫಿನಿಶಿಂಗ್ ಬಡಗಿ ಕೊನೆಯವನು. ಗೋಡೆಯವನು ಬಿಟ್ಟ ಓರೆ, ಗಾರೆಯವನು ಬಿಟ್ಟ ಉಬ್ಬು, ನೆಲದವನು ಬಿಟ್ಟ ಏರುತಗ್ಗು ಎಲ್ಲವೂ ಬಂದು ನಿಲ್ಲುವುದು ಅವನ ಉಳಿಯ ಮುಂದೆ. ಅವನ ನಂತರ ತಪ್ಪನ್ನು ಮುಚ್ಚುವವರು ಯಾರೂ ಇಲ್ಲ. ಆಚಾರ್ರು ಯಾರನ್ನೂ ಬೈಯುವುದಿಲ್ಲ. ಕದದ ಅಂಚು ಒರಗುವ ರಿಬೇಟನ್ನು ಎಲ್ಲಿ ಎಷ್ಟು ಹೆರೆಯಬೇಕು, ಹಿಂಜ್‌ಗಳು ಒಂದೇ ಲಂಬದಲ್ಲಿ ನಿಲ್ಲಲು ಯಾವುದನ್ನು ಎಷ್ಟು ಸರಿಸಬೇಕು ಎಂದು ವಾಸಕಲ್ಲಿನ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗುತ್ತಾರೆ.

ಹತ್ತು ಗಂಟೆಗೆ ಹೊರಗೆ ಕಾರು ನಿಲ್ಲುತ್ತದೆ. ಮನೆಯ ಯಜಮಾನರು ಛತ್ರಿ ಮಡಚುತ್ತಾ ಒಳಗೆ ಬರುತ್ತಾರೆ.

“ಆಚಾರ್ರೇ, ಈ ವಾರ ಎಲ್ಲಾ ಬಾಗ್ಲೂ ಕೂತ್ಬಿಡ್ತವಲ್ಲ?”

ಆಚಾರ್ರು ಉತ್ತರ ಕೊಡದೆ ಕಿಸೆಯಿಂದ ತೇವಾಂಶ ನೋಡುವ ಪುಟ್ಟ ಮೀಟರ್ ತೆಗೆದು ಅವರ ಕೈಗಿಡುತ್ತಾರೆ. ತುದಿಯಲ್ಲಿ ಎರಡು ಸೂಜಿಗಳಿವೆ.

“ನೀವೇ ಚುಚ್ಚಿ ನೋಡಿ ಸಾರ್. ಮೊದ್ಲು ಮುಂಬಾಗ್ಲು.”

ಮುಂಬಾಗಿಲಿನ ಕದದಲ್ಲಿ 12 ಎಂದು ತೋರುತ್ತದೆ. ಅದರ ಹಲಗೆಗಳನ್ನು ಹೋದ ವರ್ಷವೇ ತಂದು ಆಚಾರ್ರ ಕೊಟ್ಟಿಗೆಯ ನೆರಳಿನಲ್ಲಿ ಪಟ್ಟಿಯಿಟ್ಟು ಪೇರಿಸಿದ್ದರು. ಮಲಗುವ ಕೋಣೆಯ ಕದಕ್ಕೆ ಚುಚ್ಚಿದರೆ 18. ಆ ಮರಕ್ಕೆ ದುಡ್ಡು ಹೊಂದಿಸುವುದು ತಡವಾಗಿ, ಎರಡು ತಿಂಗಳ ಹಿಂದಷ್ಟೇ ಸಾಮಿಲ್ಲಿನಿಂದ ಬಂದಿತ್ತು. ಎರಡೂ ತೇಗ, ಎರಡೂ ಕೆಚ್ಚು, ಬಣ್ಣವೂ ಒಂದೇ. ನೋಡಿದರೆ ವ್ಯತ್ಯಾಸ ತಿಳಿಯದು.

ಈ ಅಂಕಿಗಳು ಮರದ ತೇವಾಂಶದ ಶೇಕಡಾ ಲೆಕ್ಕ. ಅವುಗಳ ಅರ್ಥ ಹೀಗೆ. ಹಸಿ ಮರದಲ್ಲಿರುವ ನೀರಿನಲ್ಲಿ ಮೊದಲು ಆರುವುದು ಜೀವಕೋಶಗಳ ಪೊಳ್ಳಿನಲ್ಲಿರುವ ನೀರು. ಅದು ಹೋದರೂ ಮರದ ಅಳತೆ ಬದಲಾಗುವುದಿಲ್ಲ. ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿದ ಮೇಲೆ ಕೋಶದ ಗೋಡೆಯೊಳಗಿನ ನೀರು ಹೊರಡುತ್ತದೆ, ಆಗ ಮರ ಕುಗ್ಗಲು ತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಹಲಗೆ ತಿರುಚುವುದಕ್ಕೂ ಬಟ್ಟಲಾಗುವುದಕ್ಕೂ ಈ ಅಸಮತೆಯೇ ಕಾರಣ. ತೇಗ ಇರುವುದರಲ್ಲೇ ಕಡಿಮೆ ಆಡುವ ಮರ. ಆದರೂ ಕಾಲು ಮೀಟರ್ ಅಗಲದ ಹಲಗೆ 18ರಿಂದ 12ಕ್ಕೆ ಇಳಿಯುವಾಗ ಸುಮಾರು ಎರಡು ಮಿಲಿಮೀಟರ್ ಕಳೆದುಕೊಳ್ಳಬಲ್ಲದು. ಕದದ ಸುತ್ತ ನಾವು ಬಿಡುವ ಸಂದು ಅಷ್ಟೇ ಎರಡು ಮಿಲಿಮೀಟರ್ ಎಂಬುದು ನೆನಪಿರಲಿ. ಎಲ್ಲಿ ಎಷ್ಟು ಒಣಗಿದ ಮರ ಬಳಸಬೇಕೆಂದು ಹೇಳುವ ಭಾರತೀಯ ಮಾನಕ ಐ.ಎಸ್. 287 ದೇಶವನ್ನು ಹವೆಗೆ ತಕ್ಕಂತೆ ನಾಲ್ಕು ವಲಯಗಳಾಗಿ ವಿಂಗಡಿಸಿರುವುದೂ ಇದಕ್ಕೇ. ಮಂಗಳೂರಿಗೆ ಒಪ್ಪುವ ತೇವ ಮೈಸೂರಿಗೆ ಒಪ್ಪುವುದಿಲ್ಲ.

ಯಜಮಾನರು ಮೀಟರನ್ನು ಗೋಡೆಯತ್ತ ತೋರಿಸಿ ಕೇಳುತ್ತಾರೆ: “ಗೋಡೆ ಒಣಗಿದ್ಯಲ್ಲ?”

“ಮೇಲೆ ಒಣಗಿದೆ ಸಾರ್. ಒಳಗೆ ನೀವು ಹೊಡೆದ ನೀರು ಹಂಗೇ ಇದೆ. ಬಾಗ್ಲು ಹಾಕಿ, ಕಿಟಕಿ ಮುಚ್ಚಿದ್ರೆ ಆ ನೀರೆಲ್ಲ ಎಲ್ಲಿಗೋಗ್ಬೇಕು? ಮರಾನೇ ಕುಡಿಯುತ್ತೆ.”

ಇಟ್ಟಿಗೆ ಕಟ್ಟುವಾಗ, ಗಾರೆ ಮಾಡುವಾಗ, ಕ್ಯೂರಿಂಗಿಗೆ, ನೆಲ ಹಾಸುವಾಗ ಸುರಿದ ನೀರು ಒಂದೆರಡು ವಾರದಲ್ಲಿ ಹೋಗುವಂಥದ್ದಲ್ಲ. ಬೇಸಿಗೆಯಲ್ಲಾದರೆ ಬೇಗ ಹೋಗುತ್ತಿತ್ತು. ಆಷಾಢದಲ್ಲಿ ಹೊರಗಿನ ಗಾಳಿಯೇ ತೇವ. ಒಳ್ಳೆಯ ಕೆಲಸವಿಲ್ಲವೆಂದು ಎಲ್ಲರೂ ಬಿಡುವ ತಿಂಗಳನ್ನು ನಾವು ಮರಗೆಲಸಕ್ಕೆ ತುಂಬುತ್ತೇವೆ. ಶ್ರಾವಣ ಬಂದ ಕೂಡಲೇ ಗೃಹಪ್ರವೇಶವಾಗಬೇಕಲ್ಲ. ಮರಕ್ಕೆ ಮಾತ್ರ ವರ್ಷದಲ್ಲಿ ಇದಕ್ಕಿಂತ ಕೆಟ್ಟ ಹೊತ್ತಿಲ್ಲ.

ಚಹಾ ಬರುತ್ತದೆ. ಕುಡಿದು ಮುಗಿಸಿ. ಮುಂಬಾಗಿಲಿನ ಮರ ಒಣಗಿದೆ, ಆ ಕದವನ್ನು ಇಂದು ಕೂರಿಸಬಹುದು.

ಮೂರೂವರೆ ಅಡಿ ಅಗಲ, ಏಳಡಿ ಎತ್ತರ. ತೂಕ ಐವತ್ತು ಕಿಲೋ ದಾಟುತ್ತದೆ. ಎತ್ತುವ ಮುನ್ನ ಅದರ ಕಟ್ಟಣೆ ನೋಡಿ. ಎರಡು ಬದಿಗೆ ನಿಲುವು ಪಟ್ಟಿ, ಮೇಲೆ ಕೆಳಗೆ ನಡುವೆ ಅಡ್ಡಪಟ್ಟಿ. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಾಗಿ ಕೆತ್ತಿ ನಿಲುವು ಪಟ್ಟಿಯ ತೂತಿಗೆ ತೂರಿಸಿ ಬೆಣೆ ಹೊಡೆದಿದ್ದಾರೆ. ಚೌಕಗಳೊಳಗಿನ ಹಲಗೆಗಳಿಗೆ ಮಾತ್ರ ಅಂಟು ಹಾಕಿಲ್ಲ. ಬೆರಳಿನಿಂದ ಒತ್ತಿ ನೋಡಿ, ಗ್ರೂವಿನೊಳಗೆ ಕೂದಲೆಳೆಯಷ್ಟು ಅಲುಗುತ್ತವೆ. ಅದು ಕೆಲಸದ ದೋಷವಲ್ಲ. ಮಳೆಗಾಲದಲ್ಲಿ ಹಲಗೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿದರೂ ಹೊರಗಿನ ಚೌಕಟ್ಟು ಕದಲದಿರಲೆಂದು ಬಿಟ್ಟ ಜಾಗ. ಹಲಗೆಯನ್ನು ಫೆವಿಕಾಲ್ ಹಾಕಿ ಬಂಧಿಸಿದ್ದರೆ ಮೊದಲ ಬೇಸಿಗೆಯಲ್ಲೇ ನಡುವೆ ಸೀಳುತ್ತಿತ್ತು. ಹಲಗೆಯ ಅಂಚಿಗೆ ಜೋಡಿಸುವ ಮೊದಲೇ ಒಂದು ಕೈ ಪಾಲಿಶ್ ಕೊಟ್ಟಿದ್ದಾರೆ. ಇಲ್ಲದಿದ್ದರೆ ಕುಗ್ಗಿದಾಗ ಗ್ರೂವಿನಿಂದ ಹೊರಬಂದ ಭಾಗ ಬಿಳಿಗೆರೆಯಾಗಿ ಕಾಣುತ್ತಿತ್ತು.

ಮೂವರೂ ಸೇರಿ ಕದ ಎತ್ತುತ್ತಾರೆ. ನೀವೂ ಒಂದು ಕೈ ಕೊಡಿ. ವಾಸಕಲ್ಲಿಗೆ ಹೊಂದಿಸಿ, ಕೆಳಗೆ ಎರಡು ಬೆಣೆ ತಳ್ಳಿ, ಸುತ್ತ ಎಲ್ಲಿ ತಾಗುತ್ತದೆಂದು ಗುರುತು ಮಾಡುತ್ತಾರೆ. ಇಳಿಸುತ್ತಾರೆ. ಹತ್ತರಿಯನ್ನು ಅಂಚಿನ ಮೇಲೆ ನೂಕಿದಾಗ ಕಾಗದದಷ್ಟು ತೆಳ್ಳಗೆ ಸುರುಳಿ ಎದ್ದು ಬರುತ್ತದೆ. ಮತ್ತೆ ಎತ್ತುತ್ತಾರೆ, ನೋಡುತ್ತಾರೆ, ಇಳಿಸುತ್ತಾರೆ. ಅವಸರದ ಬಡಗಿ ಈ ಎತ್ತಿಳಿಸುವುದನ್ನು ಒಂದು ಸಲಕ್ಕೆ ಮುಗಿಸಲು ಕರೆಂಟಿನ ಹತ್ತರಿಯಲ್ಲಿ ಒಮ್ಮೆಲೇ ತೆಗೆದುಬಿಡುತ್ತಾನೆ. ಹೆಚ್ಚು ಉಳಿದರೆ ಮತ್ತೆ ತೆಗೆಯಬಹುದು, ಹೆಚ್ಚು ಹೋದದ್ದು ವಾಪಸು ಬರುವುದಿಲ್ಲ.

ಸಂದು ಅಳೆಯಲು ಆಚಾರ್ರ ಬಳಿ ಇರುವುದು ಲ್ಯಾಮಿನೇಟಿನ ಎರಡು ಚೂರು. ಒಂದೊಂದೂ ಒಂದು ಮಿಲಿಮೀಟರ್. ಎರಡನ್ನೂ ಜೋಡಿಸಿ ಕದದ ಸುತ್ತ ಎಳೆಯುತ್ತಾರೆ. ಎಲ್ಲೂ ಸಿಕ್ಕಬಾರದು, ಎಲ್ಲೂ ಸಡಿಲವಾಗಿ ಅಲುಗಬಾರದು. ಬೀಗದ ಕಡೆಯ ಅಂಚಿಗೆ ಮಾತ್ರ ಕೊಂಚ ಓರೆ ಕೊಡುತ್ತಾರೆ. ಕದ ಮುಚ್ಚುವಾಗ ಮೊದಲು ಚೌಕಟ್ಟಿನೊಳಗೆ ಹೋಗುವ ಮೂಲೆ ಕಮಾನಿನ ದಾರಿಯಲ್ಲಿ ಬರುತ್ತದೆ, ಓರೆಯಿಲ್ಲದಿದ್ದರೆ ಅದು ತಾಗುತ್ತದೆ. ಹೊಸಬರು ಅದಕ್ಕಾಗಿ ಇಡೀ ಸಂದನ್ನೇ ದೊಡ್ಡದು ಮಾಡಿಬಿಡುತ್ತಾರೆ.

ಈಗ ಹಿಂಜ್. ನಾಲ್ಕು ಹಿತ್ತಾಳೆಯ ಹಿಂಜ್‌ಗಳು. ಚೂಪು ಪೆನ್ಸಿಲ್ಲೂ ಇಲ್ಲಿ ದಪ್ಪವೆಂದು ಆಚಾರ್ರು ಚಾಕುವಿನ ಮೊನೆಯಿಂದ ಸುತ್ತ ಗೆರೆ ಕೊಯ್ಯುತ್ತಾರೆ. ಉಳಿಯ ತುದಿ ಆ ಗೆರೆಯಲ್ಲಿ ಕೂರುತ್ತದೆ, ಕೊಡತಿ ಮೆಲ್ಲಗೆ ಬೀಳುತ್ತದೆ. ತೋಡಿದ ಜಾಗದ ಆಳ ಹಿಂಜ್ ಎಲೆಯ ದಪ್ಪದಷ್ಟೇ ಇರಬೇಕು. ಆಳ ಹೆಚ್ಚಾದರೆ ಕದ ಹಿಂಜ್ ಕಡೆಗೇ ಬಿಗಿದು, ಮುಚ್ಚುವಾಗ ಸ್ಕ್ರೂಗಳನ್ನು ಕೀಳುತ್ತದೆ. ಕಡಿಮೆಯಾದರೆ ಆ ಬದಿ ಸಂದು ಬಾಯಿ ಬಿಡುತ್ತದೆ. ಹಿಂಜ್ ಇಟ್ಟು ಅದರ ಮೇಲೆ ಬೆರಳು ಆಡಿಸಿ. ಮರ ಎಲ್ಲಿ ಮುಗಿದು ಲೋಹ ಎಲ್ಲಿ ಶುರುವಾಯಿತೆಂದು ಬೆರಳಿಗೆ ತಿಳಿಯಬಾರದು.

ಸ್ಕ್ರೂ ಹಾಕುವುದನ್ನು ಹತ್ತಿರದಿಂದ ನೋಡಿ, ಬಾಗಿಲಿನ ಆಯಸ್ಸು ನಿಂತಿರುವುದು ಇಲ್ಲಿ. ಮೊದಲು ಸ್ಕ್ರೂಗಿಂತ ಸಣ್ಣ ತೂತು ಕೊರೆಯುತ್ತಾರೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂ ಒಳಗೆ ಓಡಿಸಿ ದಾರಿ ಮಾಡಿ ಹೊರಗೆ ತೆಗೆಯುತ್ತಾರೆ. ಕೊನೆಗೆ ಹಿತ್ತಾಳೆಯ ಸ್ಕ್ರೂವಿಗೆ ಮೇಣ ಸವರಿ ಕೈಯಿಂದ ತಿರುಗಿಸುತ್ತಾರೆ. ಹಿತ್ತಾಳೆ ಮೆದು ಲೋಹ, ನೇರವಾಗಿ ತೇಗಕ್ಕೆ ಓಡಿಸಿದರೆ ತಲೆ ಮುರಿಯುತ್ತದೆ. ಕದಕ್ಕಿಷ್ಟು ಎಂದು ಗುತ್ತಿಗೆ ಹಿಡಿದವನಿಗೆ ಇಷ್ಟೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು? ಅವನು ಸ್ಕ್ರೂವನ್ನು ಸುತ್ತಿಗೆಯಿಂದ ಮುಕ್ಕಾಲು ಹೊಡೆದು ಕೊನೆಯ ಎರಡು ಸುತ್ತು ತಿರುಗಿಸುತ್ತಾನೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಮರದ ಎಳೆಗಳು ಹರಿದುಹೋಗಿವೆ, ಹಿಡಿತವಿಲ್ಲ. ಒಂದೆರಡು ವರ್ಷದಲ್ಲಿ ಕದ ಜೋತು ನೆಲ ಉಜ್ಜಲು ಶುರುವಾದಾಗ ಮನೆಯವರು ಮರವನ್ನು ದೂರುತ್ತಾರೆ.

ಕದ ನಿಂತಿತು. ಆಚಾರ್ರು ಅದನ್ನು ಕಾಲು ಭಾಗ ತೆರೆದು ಬಿಡುತ್ತಾರೆ. ಅಲ್ಲೇ ನಿಂತಿದೆ. ಅರ್ಧಕ್ಕೆ ತಂದು ಬಿಡುತ್ತಾರೆ. ಅಲ್ಲೂ ನಿಂತಿದೆ. ಈಗ ನೀವು ಒಂದು ಬೆರಳಿನಿಂದ ನೂಕಿ. ಐವತ್ತು ಕಿಲೋದ ಕದ ಸದ್ದಿಲ್ಲದೆ ಹೋಗಿ ರಿಬೇಟಿಗೆ ಮೇಲಿನಿಂದ ಕೆಳಗಿನವರೆಗೆ ಏಕಕಾಲಕ್ಕೆ ಕೂರುತ್ತದೆ.

ಮಧ್ಯಾಹ್ನ ಹುಡುಗರು ವಾಸಕಲ್ಲಿಗೂ ಗೋಡೆಗೂ ನಡುವಿನ ಗೆರೆ ಮುಚ್ಚುವ ಬೀಡಿಂಗ್ ಹಿಡಿಯುತ್ತಾರೆ. ಮೂಲೆಯಲ್ಲಿ ಎರಡು ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ಸೇರಿಸಬೇಕು. ಗೋಡೆ ಸರಿಯಾದ ಮೂಲೆಮಟ್ಟದಲ್ಲಿ ಇಲ್ಲದಿರುವುದರಿಂದ ಆಚಾರ್ರು ಯಂತ್ರದ 45ನ್ನು ನಂಬದೆ, ಸ್ಥಳದಲ್ಲೇ ಕೋನ ತೆಗೆದು ಅದನ್ನು ಅರ್ಧ ಮಾಡಿ ಕೊಯ್ಯಿಸುತ್ತಾರೆ. ಹಸಿ ಮರದ ಬೀಡಿಂಗ್ ಹಾಕಿದರೆ ಪಟ್ಟಿ ಅಗಲದಲ್ಲಿ ಕುಗ್ಗಿದಾಗ ಈ ಸೇರಿಕೆಯ ಒಳತುದಿ ಬಿಚ್ಚಿಕೊಳ್ಳುತ್ತದೆ. ನೀವು ಯಾವುದೇ ಮನೆಗೆ ಹೋದಾಗ ಬಾಗಿಲಿನ ಮೇಲಿನ ಮೂಲೆ ನೋಡಿ. ಒಳತುದಿಯಲ್ಲಿ ಕಪ್ಪು ಬೆಣೆಯ ಆಕಾರದ ಸಂದು ಕಂಡರೆ, ಮರ ಒಣಗುವ ಮೊದಲೇ ಕೆಲಸ ಮುಗಿಸಿದ್ದಾರೆಂದು ತಿಳಿಯಿರಿ.

ಮಹಡಿಯ ಮೇಲೆ ಬೇರೆ ತಂಡ ವಾರ್ಡ್‌ರೋಬ್ ಜೋಡಿಸುತ್ತಿದೆ. ಪ್ಲೈವುಡ್ ಹಲಗೆಗಳ ಮೇಲಿನ ಮುದ್ರೆ ಓದಿ: ಅಡುಗೆಮನೆಯ ನೀರಿನ ಜಾಗಕ್ಕೆ ಐ.ಎಸ್. 710, ಒಣ ಕೋಣೆಗೆ ಐ.ಎಸ್. 303. ಇಲ್ಲಿ ಮಾಡುವ ಸಾಮಾನ್ಯ ತಪ್ಪು ಒಂದೇ. ಕದದ ಹೊರಮುಖಕ್ಕೆ ಲ್ಯಾಮಿನೇಟ್ ಅಂಟಿಸಿ, ಒಳಮುಖ ಯಾರಿಗೆ ಕಾಣುತ್ತದೆಂದು ಬರಿದೇ ಬಿಡುತ್ತಾರೆ ಅಥವಾ ಬಣ್ಣ ಬಳಿಯುತ್ತಾರೆ. ಒಂದು ಮುಖ ತೇವ ಹೀರಿ ಇನ್ನೊಂದು ಹೀರದಿದ್ದರೆ ಏಳಡಿಯ ಕದ ಬಾಗದೆ ಇರಲಾರದು. ಒಳಮುಖಕ್ಕೂ ಲ್ಯಾಮಿನೇಟ್ ಹಾಕಲೇಬೇಕು.

ಮೂರು ಗಂಟೆಗೆ ಪಾಲಿಶ್‌ನವರು ಬರುತ್ತಾರೆ. ಅಷ್ಟರಲ್ಲಿ ಮತ್ತೆ ಸೋನೆ ಹಿಡಿದಿದೆ. ಅವರು ಡಬ್ಬಿ ತೆರೆಯದೆ ಆಕಾಶ ನೋಡುತ್ತಾರೆ. ಮೆಲಮೈನ್ ಇರಲಿ, ಅರಗಿನ ಪಾಲಿಶ್ ಇರಲಿ, ಒದ್ದೆ ಗಾಳಿಯಲ್ಲಿ ಹಚ್ಚಿದರೆ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲೇ ಸಿಕ್ಕಿಕೊಳ್ಳುತ್ತದೆ, ತೇಗದ ಹೊಂಬಣ್ಣದ ಮೇಲೆ ಹಾಲಿನ ಬಿಳಿ ಮಬ್ಬು ಮೂಡುತ್ತದೆ. ಅದನ್ನು ಉಜ್ಜಿ ತೆಗೆಯಬೇಕಾದರೆ ಮತ್ತೆ ಮೊದಲಿನಿಂದ ಉಪ್ಪುಕಾಗದ ಹಿಡಿಯಬೇಕು. ಇಂದು ಪಾಲಿಶ್ ಬೇಡ ಎನ್ನುತ್ತಾರೆ. ಬಿಸಿಲು ಬಿದ್ದ ದಿನ ಬರುತ್ತಾರೆ. ಆ ದಿನ ಈಗ ಕೂರಿಸಿದ ಕದವನ್ನು ಮತ್ತೆ ಕಳಚಿ ಮಲಗಿಸಬೇಕು. ಕಾಣುವ ಎರಡು ಮುಖಕ್ಕಷ್ಟೇ ಪಾಲಿಶ್ ಸಾಲದು. ನಾಲ್ಕು ಅಂಚು, ಬೀಗದ ಗೂಡು, ಹಿಂಜ್ ತೋಡು ಎಲ್ಲಕ್ಕೂ ಸೀಲರ್ ತಾಗಬೇಕು.

ಕೆಳ ಅಂಚಿನ ಬಗ್ಗೆ ಆಚಾರ್ರು ಮನೆಯಾಕೆಗೆ ಬೇರೆಯಾಗಿ ಹೇಳುತ್ತಾರೆ:

“ಅಮ್ಮಾವ್ರೇ, ನೀವು ದಿನಾ ಹೊಸ್ತಿಲು ತೊಳ್ದು ಅರಿಶಿನ ಕುಂಕುಮ ಇಡ್ತೀರ. ಇಡಬೇಕಾದ್ದೇ. ಆ ನೀರು ಮೊದ್ಲು ಸೇರೋದು ಕದದ ತಳಕ್ಕೆ. ಪಾಲಿಶ್‌ನೋರು ತಳ ಹಚ್ಚಿದ್ದಾರಾ ಅಂತ ನೀವೇ ನಿಂತು ನೋಡಿ.”

ಮರದ ತುದಿಯ ಕಡಿತದಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ, ನೀರು ಅಲ್ಲಿಂದ ಬೇಗ ಏರುತ್ತದೆ. ಹಳೆಯ ಮನೆಗಳಲ್ಲಿ ಮುಂಬಾಗಿಲು ಕೊಳೆಯಲು ಶುರುವಾಗುವುದು ಕೆಳಗಿನ ಗೇಣುದ್ದದಿಂದಲೇ.

ಸಂಜೆ ಹೊತ್ತಿಗೆ ಯಜಮಾನರು ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಮುಂಬಾಗಿಲು ಮತ್ತು ಮೊದಲೇ ಒಣಗಿದ ಮರದ ದೇವರಕೋಣೆಯ ಬಾಗಿಲು, ಇವೆರಡು ಮಾತ್ರ ಈಗ. ಉಳಿದ ಕದಗಳು ಪಟ್ಟಿಯ ಮೇಲೆ ಮಲಗಿಯೇ ಇರಲಿ, ಕಿಟಕಿ ತೆರೆದಿರಲಿ, ಗೃಹಪ್ರವೇಶದ ದಿನ ಆ ಕೋಣೆಗಳಿಗೆ ಪರದೆ ಕಟ್ಟಿದರಾಯಿತು. “ತೋರಣ ಕಟ್ಟೋಕೆ ಮುಂಬಾಗ್ಲು ಸಾಕಲ್ವಾ ಆಚಾರ್ರೇ” ಎನ್ನುತ್ತಾರೆ. ಆಚಾರ್ರು ಬೆಳಿಗ್ಗೆಯಿಂದ ಕಾಯುತ್ತಿದ್ದ ಮಾತು ಅದು.

ಇಲ್ಲಿಂದ ಅರಮನೆ ದೂರವೇನಿಲ್ಲ. ಹಿಂದಿನ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಶುರುವಾದ ಕಟ್ಟಡ ಮುಗಿದದ್ದು 1912ರಲ್ಲಿ. ಅದರೊಳಗಿನ ಅಂಬಾವಿಲಾಸದ ಬೀಟೆ ಮರದ, ದಂತದ ಕುಸುರಿಯಿರುವ ಬಾಗಿಲನ್ನು ಇಂದಿಗೂ ಹೋಗಿ ನೋಡಬಹುದು. ನೂರಕ್ಕೂ ಹೆಚ್ಚು ಮಳೆಗಾಲ ಕಂಡ ಬಾಗಿಲದು. ಅರಮನೆಯ ಹಾಗೆ ನಮ್ಮ ಮನೆಗಳಿಗೆ ಹದಿನೈದು ವರ್ಷ ಬೇಡ. ಒಣಗಲು ಒಂದು ಬೇಸಿಗೆ ಸಾಕು.

ಮನೆ ಕಟ್ಟಲು ಹೊರಟಿರುವವರೇ, ಪಾಯ ತೆಗೆಯುವ ತಿಂಗಳಲ್ಲೇ ಕದದ ಮರ ಕೊಳ್ಳಿರಿ. ಇಟ್ಟಿಗೆಯ ಹಣ ಒಂದು ತಿಂಗಳು ತಡೆಯಬಹುದು, ಮರ ತಡೆಯದು. ಮರದ ಜಾತಿಯ ಬಗ್ಗೆ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಒಂದು ತುಂಡು ಕೊಟ್ಟು ಗುರುತು ಹಿಡಿಸಿ. ವಾಸಕಲ್ಲು ನಿಲ್ಲಿಸುವ ದಿನ ಪುರೋಹಿತರ ಜೊತೆ ಬಡಗಿಯೂ ಇರಲಿ. ಗುಂಡು ಬಿಟ್ಟು, ದಾರ ಕಟ್ಟಿ, ಸರಿಯಿದೆ ಎಂದು ಅವರು ಹೇಳಿದ ಮೇಲೆಯೇ ಕಾಂಕ್ರೀಟ್ ತುಂಬಿಸಿ. ಕದ ಕೂರಿಸುವ ಕೆಲಸವನ್ನು ಎಣಿಕೆಯ ಗುತ್ತಿಗೆಗೆ ಕೊಡದೆ ದಿನಗೂಲಿಗೆ ಮಾಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಗೃಹಪ್ರವೇಶದ ಮುಹೂರ್ತ ಇಡಿಸಲು ಪಂಚಾಂಗ ತೆರೆಯುವ ಮುನ್ನ, ಮರ ಮತ್ತು ಗೋಡೆ ಒಣಗಿವೆಯೇ ಎಂದು ನಿಮ್ಮ ಆಚಾರಿಯನ್ನು ಒಂದು ಮಾತು ಕೇಳಿ.